ಮೆಲ್ಬರ್ನ್‌ನಲ್ಲಿ ಮನೆಗೆ ಕರೆಂಟ್, ಗ್ಯಾಸ್ ಕಂಪನಿ ಆರಿಸುವುದು ಹೇಗೆ? ಮೊದಲ ಚಳಿಗಾಲದ ಬಿಲ್ ನೋಡಿ ಗಾಬರಿಯಾಗಿದೆ

ಟಾರ್ನೀಟ್_ಹೊಸಮನೆ

ಎಲ್ಲರಿಗೂ ನಮಸ್ಕಾರ. 2025ರ ಏಪ್ರಿಲ್ ಕೊನೆಯಲ್ಲಿ ಮೈಸೂರಿನಿಂದ ಮೆಲ್ಬರ್ನ್‌ಗೆ ಬಂದಿದ್ದೇವೆ. ಟಾರ್ನೀಟ್‌ನಲ್ಲಿ ನಾಲ್ಕು ರೂಮಿನ ಬಾಡಿಗೆ ಮನೆ. ನಾನು, ನಮ್ಮ ಯಜಮಾನರು, ಆರು ವರ್ಷದ ಮಗಳು, ಎಂಟು ತಿಂಗಳ ಮಗ. ಮಗು ನೋಡಿಕೊಳ್ಳಲು ಅತ್ತೆಯೂ ಜೊತೆಗೆ ಬಂದಿದ್ದಾರೆ.

ಮನೆಯ ಕೀ ತೆಗೆದುಕೊಂಡ ದಿನ ಏಜೆಂಟ್ ಕಡೆಯಿಂದ ಒಂದು ಲಿಂಕ್ ಬಂತು. ಕರೆಂಟ್, ಗ್ಯಾಸ್, ಇಂಟರ್‌ನೆಟ್ ಎಲ್ಲ ಅವರೇ ಹಾಕಿಸಿಕೊಡುತ್ತಾರೆ ಅಂತ. ಸೂಟ್‌ಕೇಸ್ ಇನ್ನೂ ಬಿಚ್ಚಿರಲಿಲ್ಲ. ಹೆಚ್ಚು ಯೋಚಿಸದೆ ಒಪ್ಪಿಕೊಂಡೆವು.

ಈ ವಾರ ಎರಡೂ ಬಿಲ್ ಬಂದವು. ಕರೆಂಟಿಗೆ ಮೂರು ತಿಂಗಳಿಗೆ 535 ಡಾಲರ್. ಸರ್ಕಾರ ಬಿಲ್ಲಿಗೆ ಕೊಡುವ 75 ಡಾಲರ್ ನೆರವು ಕಳೆದ ಮೇಲೂ 460 ಕಟ್ಟಬೇಕು. ಗ್ಯಾಸಿಗೆ ಎರಡೇ ತಿಂಗಳಿಗೆ 610 ಡಾಲರ್. ಅತ್ತೆ ನೋಡದಿರಲಿ ಎಂದು ಫೋನ್ ಮಗುಚಿಟ್ಟೆ. ಅವರಿಗೆ ಗೊತ್ತಾದರೆ ಹೀಟರ್ ಆಫ್ ಮಾಡಿ, ಕಂಬಳಿ ಹೊದ್ದು ಕೂತುಬಿಡುತ್ತಾರೆ.

ಮೈಸೂರಿನಲ್ಲಿ ಚೆಸ್ಕಾಂ ಒಂದೇ. ಆರಿಸುವ ಮಾತೇ ಇರಲಿಲ್ಲ. ಇಲ್ಲಿ ಎಜಿಎಲ್, ಒರಿಜಿನ್, ಎನರ್ಜಿ ಆಸ್ಟ್ರೇಲಿಯಾ, ರೆಡ್ ಎನರ್ಜಿ, ಅಲಿಂಟಾ ಅಂತ ಹೆಸರುಗಳು ಮುಗಿಯುವುದೇ ಇಲ್ಲ. ಇವುಗಳಲ್ಲಿ ಯಾವ ಕಂಪನಿ ಒಳ್ಳೆಯದು? ಬದಲಾಯಿಸುವಾಗ ಒಂದೆರಡು ದಿನ ಕರೆಂಟ್ ಹೋಗುತ್ತದಾ? ಮನೆಯಲ್ಲಿ ಚಿಕ್ಕ ಮಗು ಇದೆ, ಅದೇ ದೊಡ್ಡ ಭಯ. ಕರೆಂಟ್, ಗ್ಯಾಸ್ ಎರಡೂ ಒಬ್ಬರ ಹತ್ತಿರವೇ ಇರಬೇಕಾ? ಬಾಡಿಗೆ ಮನೆ ಎಂದಮೇಲೆ ಓನರ್ ಅನ್ನು ಕೇಳಬೇಕಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಪಶ್ಚಿಮ_ಮೆಲ್ಬರ್ನ್

ಮೇಡಂ, ಮೊದಲು ಆ ಭಯ ಬಿಡಿ. ಕಂಪನಿ ಬದಲಾಯಿಸಿದರೆ ಕರೆಂಟ್ ಒಂದು ನಿಮಿಷವೂ ಹೋಗುವುದಿಲ್ಲ. ಮನೆಗೆ ಯಾರೂ ಬರುವುದಿಲ್ಲ, ಒಂದು ವೈರ್ ಕೂಡ ಬದಲಾಗುವುದಿಲ್ಲ.

ಇಲ್ಲಿ ತಂತಿಯವರು ಬೇರೆ, ಬಿಲ್ ಕಳಿಸುವವರು ಬೇರೆ. ಟಾರ್ನೀಟ್ ಕಡೆ ಕಂಬ, ತಂತಿ, ಮೀಟರ್ ಎಲ್ಲ ಪವರ್‌ಕೋರ್ ಅವರದು. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಇಂಥ ತಂತಿ ಕಂಪನಿಗಳು ಐದು. ಪವರ್‌ಕೋರ್, ಸಿಟಿಪವರ್, ಜೆಮೆನಾ, ಆಸ್‌ನೆಟ್, ಯುನೈಟೆಡ್ ಎನರ್ಜಿ. ಮನೆ ಯಾವ ಏರಿಯಾದಲ್ಲಿದೆಯೋ ಅಲ್ಲಿಯವರೇ ಖಾಯಂ, ಅವರನ್ನು ನೀವು ಆರಿಸುವ ಹಾಗಿಲ್ಲ. ಗಾಳಿಮಳೆಗೆ ಕರೆಂಟ್ ಹೋದರೆ ಫೋನ್ ಮಾಡಬೇಕಾದ್ದೂ ಅವರಿಗೇ. ಅವರ ನಂಬರ್ ನಿಮ್ಮ ಬಿಲ್ಲಿನಲ್ಲೇ ಇರುತ್ತದೆ. ನೀವು ಆರಿಸುವುದು ರೇಟ್ ಹಾಕಿ ಬಿಲ್ ಕಳಿಸುವವರನ್ನು ಮಾತ್ರ. ಹಾಗಾಗಿ ಅಗ್ಗದ ಕಂಪನಿಗೆ ಹೋದರೆ ಕರೆಂಟ್ ಪದೇ ಪದೇ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎಲ್ಲರ ಮನೆಗೂ ಅದೇ ತಂತಿ.

ಓನರ್ ಅನ್ನು ಕೇಳುವ ಅಗತ್ಯ ಇಲ್ಲ. ಅಕೌಂಟ್ ನಿಮ್ಮ ಹೆಸರಿನಲ್ಲಿದೆ, ಆಯ್ಕೆ ನಿಮ್ಮದೇ. ಏಜೆಂಟ್ ಕಳಿಸಿದ ಲಿಂಕ್‌ನವರಿಗೆ ಕಂಪನಿಗಳಿಂದ ಕಮಿಷನ್ ಸಿಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅವರು ತೋರಿಸಿದ್ದೇ ನಿಮಗೆ ಅಗ್ಗ ಎಂದಲ್ಲ.

ಇನ್ನು ಯಾವ ಕಂಪನಿ ಒಳ್ಳೆಯದು ಎನ್ನುವ ಪ್ರಶ್ನೆ. ನಾವೆಲ್ಲ ಬಂದ ಹೊಸದರಲ್ಲಿ ಅದನ್ನೇ ಕೇಳಿದೆವು. ನನ್ನ ಆಫೀಸಿನವರೊಬ್ಬರು ಹೇಳಿದ ಪ್ಲಾನ್ ಕಣ್ಣು ಮುಚ್ಚಿ ತಗೊಂಡೆ. ಅವರು ಗಂಡ ಹೆಂಡತಿ ಇಬ್ಬರೇ, ಹಗಲೆಲ್ಲ ಮನೆ ಖಾಲಿ. ನಮ್ಮ ಮನೆಯಲ್ಲಿ ಐದು ಜನ. ಅವರಿಗೆ ಉಳಿಸಿಕೊಟ್ಟ ಪ್ಲಾನ್ ನನಗೆ ದುಬಾರಿಯಾಯಿತು. ಆದ್ದರಿಂದ ಕಂಪನಿಯ ಹೆಸರು ಆಮೇಲೆ ನೋಡೋಣ. ಮೊದಲು ನಿಮ್ಮ ಮನೆ ಎಷ್ಟು ಬಳಸುತ್ತದೆ, ಯಾವ ಹೊತ್ತಿಗೆ ಬಳಸುತ್ತದೆ, ಅದು ಗೊತ್ತಾಗಬೇಕು.

ಬಿಲ್ಲಿನ ಎರಡನೇ ಪುಟ ತೆಗೆಯಿರಿ. ಅಲ್ಲಿ ಸಪ್ಲೈ ಚಾರ್ಜ್ ಎಂದು ದಿನಕ್ಕಿಷ್ಟು ಸೆಂಟ್ಸ್ ಇರುತ್ತದೆ. ನಮ್ಮ ಕಡೆ ಬಿಲ್ಲಿನಲ್ಲಿ ಫಿಕ್ಸೆಡ್ ಚಾರ್ಜ್ ಇರುತ್ತಲ್ಲ, ಅದೇ ಇದು. ಸ್ವಿಚ್ ಮುಟ್ಟದಿದ್ದರೂ ಕಟ್ಟಬೇಕು. ಅದರ ಕೆಳಗೆ ಯೂನಿಟ್ಟಿಗೆ ಇಷ್ಟು ಸೆಂಟ್ಸ್ ಎಂದು ಇರುತ್ತದೆ. ಗ್ಯಾಸಿಗೂ ಇದೇ ಲೆಕ್ಕ, ಆದರೆ ಅಲ್ಲಿ ಯೂನಿಟ್ ಬದಲು ಮೆಗಾಜೂಲ್, ಅದು ಶಾಖ ಅಳೆಯುವ ಮಾನ. ಕರೆಂಟ್ ಬಿಲ್ಲಿನಲ್ಲಿ ಎನ್‌ಎಂಐ ಎಂಬ ನಂಬರ್ ಕಾಣುತ್ತದೆ. ಅದು ನಿಮ್ಮ ಮೈಸೂರಿನ ಆರ್‌ಆರ್ ನಂಬರ್ ಇದ್ದ ಹಾಗೆ. ಗ್ಯಾಸಿನದ್ದು ಎಂಐಆರ್‌ಎನ್. ಎರಡನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಒಟ್ಟು ಎಷ್ಟು ಯೂನಿಟ್, ಎಷ್ಟು ಮೆಗಾಜೂಲ್, ಎಷ್ಟು ದಿನ ಎಂದು ಇಲ್ಲಿ ಹಾಕಿ. ಲೆಕ್ಕ ಮಾಡೋಣ.

ಟಾರ್ನೀಟ್_ಹೊಸಮನೆ

ತುಂಬ ಥ್ಯಾಂಕ್ಸ್ ಸರ್. ಆರ್‌ಆರ್ ನಂಬರ್ ಅಂದಿದ್ದೇ ತಟ್ಟನೆ ಅರ್ಥವಾಯಿತು.

ಕರೆಂಟ್: ಮೇ 1ರಿಂದ ಜುಲೈ 31, ಒಟ್ಟು 92 ದಿನ, 1,290 ಯೂನಿಟ್. ಯೂನಿಟ್ಟಿಗೆ 32.4 ಸೆಂಟ್ಸ್, ದಿನಕ್ಕೆ 127.6 ಸೆಂಟ್ಸ್. ಗ್ಯಾಸ್: 61 ದಿನ, 14,200 ಮೆಗಾಜೂಲ್. ಮೆಗಾಜೂಲಿಗೆ 3.9 ಸೆಂಟ್ಸ್, ದಿನಕ್ಕೆ 92 ಸೆಂಟ್ಸ್.

ಬಿಲ್ಲಿನ ಮೊದಲ ಪುಟದಲ್ಲಿ ಒಂದು ಬಾಕ್ಸ್ ಇದೆ. ಇದೇ ಕಂಪನಿಯ ಬೇರೆ ಪ್ಲಾನ್‌ಗೆ ಹೋದರೆ ವರ್ಷಕ್ಕೆ ಇಷ್ಟು ಉಳಿಯುತ್ತದೆ ಅಂತ. ಅದು ಜಾಹೀರಾತು ಅಂದುಕೊಂಡು ಬಿಟ್ಟಿದ್ದೆ.

ಪಶ್ಚಿಮ_ಮೆಲ್ಬರ್ನ್

ಅದು ಜಾಹೀರಾತಲ್ಲ ಮೇಡಂ, ಕಾನೂನು. 2019ರ ಜುಲೈನಿಂದ ವಿಕ್ಟೋರಿಯಾದಲ್ಲಿ ಕಂಪನಿಗಳು ತಮ್ಮ ಹತ್ತಿರ ನಿಮಗೆ ಇದಕ್ಕಿಂತ ಅಗ್ಗದ ಪ್ಲಾನ್ ಇದ್ದರೆ ಅದನ್ನು ಬಿಲ್ಲಿನಲ್ಲೇ ಹೇಳಬೇಕು. ಅಂದರೆ ನೀವು ಎಲ್ಲೂ ಹೋಗದೆ ಒಂದು ಫೋನ್ ಮಾಡಿದರೂ ಸ್ವಲ್ಪ ಇಳಿಯುತ್ತದೆ. ಆದರೆ ಅದು ಆ ಕಂಪನಿಯೊಳಗಿನ ಅಗ್ಗ ಮಾತ್ರ. ಹೊರಗೆ ಇನ್ನೂ ಕಡಿಮೆಗೆ ಸಿಗಬಹುದು.

ಅದಕ್ಕೆ ಸರ್ಕಾರದ್ದೇ ತಾಣ ಇದೆ, ವಿಕ್ಟೋರಿಯನ್ ಎನರ್ಜಿ ಕಂಪೇರ್. ಸಿಡ್ನಿ, ಬ್ರಿಸ್ಬೇನ್, ಅಡಿಲೇಡ್, ಕ್ಯಾನ್‌ಬೆರಾ ಕಡೆಯವರಿಗೆ ಎನರ್ಜಿ ಮೇಡ್ ಈಜಿ. ಎರಡೂ ಉಚಿತ. ಗೂಗಲ್ ಮಾಡಿದರೆ ಮೇಲೆ ಬರುವ ಖಾಸಗಿ ಹೋಲಿಕೆ ತಾಣಗಳಿಗೆ ಹೋಗಬೇಡಿ. ಅವರಲ್ಲಿ ಹೆಚ್ಚಿನವರು ಕಮಿಷನ್ ಕೊಡುವ ಕಂಪನಿಗಳನ್ನೇ ತೋರಿಸುತ್ತಾರೆ. 2020ರಲ್ಲಿ ಅಂಥ ಒಂದು ದೊಡ್ಡ ತಾಣಕ್ಕೆ ಫೆಡರಲ್ ಕೋರ್ಟ್ 85 ಲಕ್ಷ ಡಾಲರ್ ದಂಡ ಹಾಕಿತ್ತು, ಜನರಿಗೆ ಅಗ್ಗದ ಪ್ಲಾನ್ ಬಗ್ಗೆ ತಪ್ಪು ತಿಳಿವಳಿಕೆ ಕೊಟ್ಟಿದ್ದಕ್ಕೆ.

ಕಂಪನಿಗಳ ಜಾಹೀರಾತಿನಲ್ಲಿ ಶೇಕಡಾ ಇಷ್ಟು ಕಡಿಮೆ ಎಂದು ಬರುತ್ತದಲ್ಲ, ಅದರ ಒಳಗುಟ್ಟು ತಿಳಿದಿರಲಿ. ವಿಕ್ಟೋರಿಯಾದಲ್ಲಿ ಎಸೆನ್ಷಿಯಲ್ ಸರ್ವೀಸಸ್ ಕಮಿಷನ್ ಎಂಬ ಸರ್ಕಾರಿ ಆಯೋಗ ಪ್ರತಿ ವರ್ಷ ಕರೆಂಟಿಗೆ ಒಂದು ನ್ಯಾಯವಾದ ಬೆಲೆ ಗೊತ್ತುಮಾಡುತ್ತದೆ. ವಿಕ್ಟೋರಿಯನ್ ಡಿಫಾಲ್ಟ್ ಆಫರ್ ಎನ್ನುತ್ತಾರೆ. 2019ರ ಜುಲೈ 1ಕ್ಕೆ ಶುರುವಾಯಿತು. ವರ್ಷಕ್ಕೆ 4,000 ಯೂನಿಟ್ ಬಳಸುವ ಮನೆಗೆ 2025-26ರಲ್ಲಿ ಅದು ಸರಾಸರಿ 1,675 ಡಾಲರ್. ಕಂಪನಿಗಳು ಹೇಳುವ ಶೇಕಡಾ ಲೆಕ್ಕ ಈ ಬೆಲೆಗೆ ಹೋಲಿಸಿದ್ದು. ನಿಮ್ಮ ಬಳಕೆ ಅದಕ್ಕಿಂತ ತುಂಬ ಜಾಸ್ತಿಯೋ ಕಡಿಮೆಯೋ ಇದ್ದರೆ ಆ ಶೇಕಡಾ ನಿಮಗೆ ಹೊಂದುವುದಿಲ್ಲ. ಜಾಸ್ತಿ ಬಳಸುವ ಮನೆಗೆ ಯೂನಿಟ್ ರೇಟ್ ಮುಖ್ಯ. ಒಬ್ಬರೇ ಇರುವ ಮನೆಗೆ ದಿನದ ಚಾರ್ಜ್ ಮುಖ್ಯ. ಗ್ಯಾಸಿಗೆ ಇಂಥ ಸರ್ಕಾರಿ ಬೆಲೆಯೇ ಇಲ್ಲ. ಹಾಗಾಗಿ ಅಲ್ಲಿ ಇನ್ನೂ ಹುಷಾರಾಗಿ ನೋಡಬೇಕು.

ನಿಮ್ಮದೇ ಲೆಕ್ಕ ನೋಡಿ. 1,290 ಯೂನಿಟ್ಟಿಗೆ 32.4ರ ಹಾಗೆ 418 ಡಾಲರ್. 92 ದಿನದ ಚಾರ್ಜ್ 117. ಒಟ್ಟು 535. ಯೂನಿಟ್ಟಿಗೆ 27.5, ದಿನಕ್ಕೆ 108 ಸೆಂಟ್ಸಿನ ಪ್ಲಾನ್ ಸಿಕ್ಕಿತು ಅಂದುಕೊಳ್ಳಿ. ಆಗ 355ಕ್ಕೆ 99 ಸೇರಿಸಿ 454. ಅದೇ ತಂತಿ, ಅದೇ ಕರೆಂಟ್, ಮೂರು ತಿಂಗಳಿಗೆ 81 ಡಾಲರ್ ಉಳಿತಾಯ.

ಸರ್ಕಾರದ 75 ಡಾಲರ್ ಅನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಯಾವ ಕಂಪನಿಗೆ ಹೋದರೂ ಬರುತ್ತದೆ. ಅದೂ 2025ರ ಡಿಸೆಂಬರ್‌ಗೆ ಮುಗಿಯುವ ನೆರವು, ಅಷ್ಟೇ.

ವೆಂಟ್‌ವರ್ತ್‌ವಿಲ್_ಹಾಸನ

ಸಿಡ್ನಿ ಕಡೆಯವರಿಗೆ ಒಂದು ಮಾತು ಸೇರಿಸುತ್ತೇನೆ. ವಿಕ್ಟೋರಿಯಾದಲ್ಲಿ ಸ್ಮಾರ್ಟ್ ಮೀಟರ್ ಹತ್ತು ವರ್ಷದ ಹಿಂದೆಯೇ ಎಲ್ಲ ಕಡೆ ಬಂತು. ನಮ್ಮಲ್ಲಿ ಇನ್ನೂ ಹಾಕುತ್ತಿದ್ದಾರೆ. ಕಳೆದ ವರ್ಷ ನಮ್ಮ ಹಳೇ ಮೀಟರ್ ತೆಗೆದು ಹೊಸದು ಹಾಕಿ ಹೋದರು. ನಾವು ಖುಷಿಪಟ್ಟೆವು. ಎರಡು ತಿಂಗಳಾದ ಮೇಲೆ ಬಿಲ್ಲಿನಲ್ಲಿ ಡಿಮ್ಯಾಂಡ್ ಚಾರ್ಜ್ ಎಂದು ಹೊಸ ಸಾಲು. ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಕೂತು ಓದಿದಾಗ ಅರ್ಥವಾಯಿತು. ಇದು ನೀವು ತಿಂಗಳಲ್ಲಿ ಎಷ್ಟು ಯೂನಿಟ್ ಬಳಸಿದಿರಿ ಎಂಬ ಲೆಕ್ಕ ಅಲ್ಲ. ಸಂಜೆಯ ಪೀಕ್ ಹೊತ್ತಿನಲ್ಲಿ ಯಾವುದೋ ಒಂದು ಅರ್ಧ ಗಂಟೆ ಒಟ್ಟಿಗೇ ಎಷ್ಟು ಎಳೆದಿರಿ ಎಂಬ ಲೆಕ್ಕ. ಆ ಒಂದು ಅರ್ಧ ಗಂಟೆ ಇಡೀ ತಿಂಗಳ ಚಾರ್ಜನ್ನು ತೀರ್ಮಾನಿಸುತ್ತದೆ. ನಾನು ಆ ದಿನ ಹುಡುಕಿದೆ. ಒಂದು ಮಂಗಳವಾರ ಸಂಜೆ ಆರೂವರೆ. ಮಳೆ, ಮಕ್ಕಳ ಯೂನಿಫಾರ್ಮ್ ಒಣಗಿರಲಿಲ್ಲ. ಡ್ರೈಯರ್ ಹಾಕಿದೆವು. ಹಾಲ್‌ನಲ್ಲಿ ಹೀಟರ್. ಒಲೆ ಮೇಲೆ ಸಾರು, ಅದೂ ಕರೆಂಟ್ ಒಲೆ. ಎಲ್ಲ ಸೇರಿ 6.2 ಕಿಲೋವ್ಯಾಟ್. ನನ್ನ ಪ್ಲಾನ್‌ನಲ್ಲಿ ಕಿಲೋವ್ಯಾಟ್‌ಗೆ ದಿನಕ್ಕೆ 15 ಸೆಂಟ್ಸ್. ಮೂವತ್ತು ದಿನಕ್ಕೆ ಸುಮಾರು 28 ಡಾಲರ್, ಒಂದು ಸಂಜೆಯ ಬಟ್ಟೆಗೆ.

ಡಿಮ್ಯಾಂಡ್ ಚಾರ್ಜ್ ಇಲ್ಲದ ಪ್ಲಾನ್ ಬೇಕು ಎಂದು ಕಂಪನಿಗೆ ಕೇಳಿದೆ, ಅವರು ಇಲ್ಲ ಎಂದರು. ಬೇರೆ ಕಡೆ ಸಿಕ್ಕಿತು, ಹೋದೆ. ಹೊಸ ಮೀಟರ್ ಹಾಕಿಸಿಕೊಂಡವರು ಮೊದಲ ಬಿಲ್ಲನ್ನು ಸಾಲು ಸಾಲಾಗಿ ಓದಿ. ನಮ್ಮವರು ಒಟ್ಟು ಮೊತ್ತ ನೋಡಿ ಕಟ್ಟಿಬಿಡುತ್ತಾರೆ, ಅದೇ ನನಗೆ ಬೇಸರ.

ಬ್ಯಾಲರಟ್_ತೀರ್ಥಹಳ್ಳಿ

ನೋಡಮ್ಮ, ನಾನು ಹದಿನಾಲ್ಕು ಚಳಿಗಾಲ ಬ್ಯಾಲರಟ್‌ನಲ್ಲಿ ಕಳೆದವಳು. ನಿಮ್ಮ ಕಡೆಗಿಂತ ಇಲ್ಲಿ ಚಳಿ ಜಾಸ್ತಿ. ಕಂಪನಿ ಬದಲಾಯಿಸು, ಒಳ್ಳೆಯದೇ. ಆದರೆ ನಿನ್ನ ದುಡ್ಡು ಹೋಗುತ್ತಿರುವ ದಾರಿ ಬೇರೆ. 14,200 ಮೆಗಾಜೂಲ್ ಅಂದೆಯಲ್ಲ, ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್, ಅದರಿಂದ ಭಾಗಿಸು. ಹತ್ತಿರ ಹತ್ತಿರ 3,950 ಯೂನಿಟ್. ಅಂದರೆ ಒಂದು ಮನೆ ವರ್ಷವಿಡೀ ಬಳಸುವ ಕರೆಂಟಿನಷ್ಟು ಶಾಖವನ್ನು ಎರಡು ತಿಂಗಳಲ್ಲಿ ಗ್ಯಾಸಿನಲ್ಲಿ ಸುಟ್ಟಿದ್ದೀರಿ. ಅಡುಗೆಗೆ ಅಷ್ಟು ಹೋಗಲು ಸಾಧ್ಯವೇ ಇಲ್ಲ. ಅದು ಡಕ್ಟೆಡ್ ಹೀಟಿಂಗ್. ನೆಲದಲ್ಲೋ ಚಾವಣಿಯಲ್ಲೋ ಜಾಲರಿ ಇದೆಯಲ್ಲ, ಅಲ್ಲಿಂದ ಬಿಸಿ ಗಾಳಿ ಬರುತ್ತದಲ್ಲ, ಅದು. ರಾತ್ರಿಯಿಡೀ ಎಷ್ಟು ಡಿಗ್ರಿಗೆ ಇಡುತ್ತೀರಿ? ಯಾರೂ ಮಲಗದ ರೂಮಿಗೂ ಬಿಸಿ ಹೋಗುತ್ತಿದೆಯಾ?

ಇನ್ನೊಂದು ಕೇಳುತ್ತೇನೆ. ಹಾಲ್‌ನ ಗೋಡೆ ಮೇಲೆ ಎಸಿ ಇದೆಯಾ?

ಟಾರ್ನೀಟ್_ಹೊಸಮನೆ

ಇದೆ ಅಕ್ಕ. ದೊಡ್ಡ ರೂಮಿನಲ್ಲೂ ಒಂದು ಇದೆ. ಚಳಿಗಾಲ ಅಲ್ವಾ, ಅದನ್ನು ಮುಟ್ಟೇ ಇಲ್ಲ. ಹೀಟರ್ 24ಕ್ಕೆ ಇಟ್ಟಿದ್ದೇವೆ, ರಾತ್ರಿಯೂ. ಮಗು ಇದೆ ಅಂತ. ಈಗ ಹೋಗಿ ನೋಡಿದೆ. ಸೂಟ್‌ಕೇಸ್ ತುಂಬಿಟ್ಟಿರುವ ಕೊನೆಯ ರೂಮಿನ ಜಾಲರಿ ಮೇಲೆ ಕೈ ಇಟ್ಟರೆ ಬಿಸಿ ಗಾಳಿ ಭರ್ ಎಂದು ಬರುತ್ತಿದೆ. ಖಾಲಿ ರೂಮು, ಬಾಗಿಲು ಮುಚ್ಚಿದೆ. ನೋಡಿ ಹೊಟ್ಟೆ ಉರಿಯಿತು.

ಬ್ಯಾಲರಟ್_ತೀರ್ಥಹಳ್ಳಿ

ನಾವೆಲ್ಲರೂ ಹೀಗೇ ಅಮ್ಮ. ಎಸಿ ಎಂದರೆ ಬೇಸಿಗೆಗೆ ಎಂದೇ ನಮ್ಮ ತಲೆಯಲ್ಲಿ ಕೂತಿದೆ. ಇಲ್ಲಿನ ಹೆಚ್ಚಿನ ಎಸಿಗಳು ರಿವರ್ಸ್ ಸೈಕಲ್. ರಿಮೋಟಿನಲ್ಲಿ ಮೋಡ್ ಒತ್ತುತ್ತಾ ಹೋಗು, ಸೂರ್ಯನ ಗುರುತು ಬಂದರೆ ಅದು ಬಿಸಿ ಗಾಳಿಗೆ. ಅದು ಕರೆಂಟನ್ನು ನೇರ ಶಾಖ ಮಾಡುವುದಿಲ್ಲ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ಒಳಗೆ ತರುತ್ತದೆ. ಅದಕ್ಕೇ ಒಂದು ಯೂನಿಟ್ ಕರೆಂಟಿಗೆ ಮೂರು ನಾಲ್ಕು ಯೂನಿಟ್ ಶಾಖ ಕೊಡುತ್ತದೆ.

ಲೆಕ್ಕ ನೋಡು. ನಿನ್ನ ಗ್ಯಾಸ್ ಮೆಗಾಜೂಲಿಗೆ 3.9 ಸೆಂಟ್ಸ್. ಒಂದು ಯೂನಿಟ್ ಶಾಖಕ್ಕೆ 14 ಸೆಂಟ್ಸ್ ಆಯಿತು. ಅದರಲ್ಲಿ ಹೀಟರಿನಲ್ಲಿ, ಪೈಪಿನಲ್ಲಿ ಮೂರರಲ್ಲಿ ಒಂದು ಪಾಲು ಸೋರಿತು ಎಂದರೂ 20 ಸೆಂಟ್ಸ್ ದಾಟುತ್ತದೆ. ಎಸಿಯಲ್ಲಿ 32.4 ಸೆಂಟ್ಸಿನ ಈಗಿನ ದುಬಾರಿ ರೇಟಿನಲ್ಲೇ, ನಾಲ್ಕರಿಂದಲ್ಲ, ಮೂರರಿಂದಲೇ ಭಾಗಿಸು. 11 ಸೆಂಟ್ಸ್. ಅರ್ಧಕ್ಕರ್ಧ. ಅದೂ ನೀವು ಕೂತಿರುವ ರೂಮಿಗೆ ಮಾತ್ರ.

ಮಗು, ಅತ್ತೆ ಇರುವ ರೂಮು ಬೆಚ್ಚಗಿರಲೇಬೇಕು. ಅದರಲ್ಲಿ ಉಳಿಸಲು ಹೋಗಬೇಡಿ. ಬಿಲ್ಲಿನ ಭಯಕ್ಕೆ ಹಿರಿಯರು ಚಳಿಯಲ್ಲಿ ಕೂರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದು ಬಹಳ ಸಂಕಟ. ಇನ್ನೊಂದು ವಿಷಯ. ಬಾಡಿಗೆ ಮನೆಯ ಗ್ಯಾಸ್ ಹೀಟರ್ ಅನ್ನು ಎರಡು ವರ್ಷಕ್ಕೊಮ್ಮೆ ಲೈಸೆನ್ಸ್ ಇರುವವರಿಂದ ಚೆಕ್ ಮಾಡಿಸುವುದು ವಿಕ್ಟೋರಿಯಾದಲ್ಲಿ ಓನರ್ ಜವಾಬ್ದಾರಿ. ಕೆಟ್ಟ ಹೀಟರಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯೂ ಇರುವುದಿಲ್ಲ. ಕೊನೆಯ ಸಲ ಯಾವಾಗ ಮಾಡಿಸಿದಿರಿ ಎಂದು ಏಜೆಂಟ್‌ಗೆ ಇವತ್ತೇ ಮೇಲ್ ಹಾಕಿ ಕೇಳು.

ಕ್ರೇಗೀಬರ್ನ್_ಧಾರವಾಡ

ಅಕ್ಕಾರು ಹೇಳಿದ್ದು ನೂರಕ್ಕೆ ನೂರು ಖರೆ. ಗ್ಯಾಸ್ ಬಿಲ್ಲಿನ ಬಗ್ಗೆ ನನ್ನದೂ ಒಂದು ಅನುಭವ ಕೇಳ್ರಿ.

ಕರೆಂಟ್ ಮೀಟರ್ ಸ್ಮಾರ್ಟ್ ಆದರೂ ಇಲ್ಲಿ ಗ್ಯಾಸ್ ಮೀಟರ್ ಇನ್ನೂ ಹಳೆಯ ಪದ್ಧತಿ. ಎರಡು ತಿಂಗಳಿಗೊಮ್ಮೆ ಒಬ್ಬರು ಬಂದು ಓದಿಕೊಂಡು ಹೋಗಬೇಕು. ನಮ್ಮ ಮನೆಯ ಮೀಟರ್ ಸೈಡ್ ಗೇಟಿನ ಒಳಗೆ. ನಾವು ನಾಯಿ ತಂದ ಮೇಲೆ ಗೇಟಿಗೆ ಬೀಗ ಹಾಕಲು ಶುರು ಮಾಡಿದೆವು. ಓದುವವರು ಬಂದು ಹಾಗೇ ಹೋಗಿದ್ದಾರೆ. ಕಂಪನಿಯವರು ಅಂದಾಜಿನ ಮೇಲೆ ಬಿಲ್ ಹಾಕಿದರು. ಒಂದಲ್ಲ, ಎರಡು ಸಲ. ಎರಡನೇ ಬಿಲ್ ಬಂದಾಗ ನಾವು ಊರಿಗೆ ಹೋಗಿ ಐದು ವಾರ ಮನೆಯೇ ಖಾಲಿ ಇತ್ತು. ಆದರೂ 380 ಡಾಲರ್!

ಬಿಲ್ಲಿನಲ್ಲಿ ಎಸ್ಟಿಮೇಟೆಡ್ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ನಾನು ಮೀಟರಿನ ಫೋಟೋ ತೆಗೆದು ಕಳಿಸಿದೆ. ನಂಬರ್ ಸರಿಯಾಗಿ ಕಾಣಲಿ ಎಂದು ಗಾಜಿನ ಮೇಲಿನ ಜೇಡರ ಬಲೆ ಒರೆಸಿ ತೆಗೆದೆ. ಅವರು ಹದಿನೈದು ದಿನ ಇವತ್ತು ನಾಳೆ ಎಂದರು. ಕೊನೆಗೆ ಗ್ರಾಹಕರ ದೂರು ನೋಡುವ ಒಂಬುಡ್ಸ್‌ಮನ್ ಕಚೇರಿಗೆ ಬರೆದೆ. ವಿಕ್ಟೋರಿಯಾದಲ್ಲಿ ಅದಕ್ಕೆ ಇಡಬ್ಲ್ಯೂಒವಿ ಎನ್ನುತ್ತಾರೆ, ನ್ಯೂ ಸೌತ್ ವೇಲ್ಸ್‌ನಲ್ಲಿ ಇಡಬ್ಲ್ಯೂಒಎನ್. ಒಂದು ಪೈಸೆ ಖರ್ಚಿಲ್ಲ. ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು, ಅಷ್ಟೇ. ವಾರದೊಳಗೆ ಕಂಪನಿಯವರೇ ಫೋನ್ ಮಾಡಿ ಬಿಲ್ ತಿದ್ದಿದರು. ದೊಡ್ಡ ಕಚೇರಿ ಎಂದು ಹೆದರಿ ಸುಮ್ನೆ ಕೂರಬೇಡ್ರಿ.

ಸೌತ್‌ಬ್ಯಾಂಕ್_19ನೇ_ಮಹಡಿ

ನಾನು ಅಪಾರ್ಟ್‌ಮೆಂಟ್‌ನಲ್ಲಿದ್ದೇನೆ. ವಿಕ್ಟೋರಿಯನ್ ಎನರ್ಜಿ ಕಂಪೇರ್‌ನಲ್ಲಿ ಎಲ್ಲ ಹಾಕಿ ಅಗ್ಗದ ಪ್ಲಾನ್ ಹುಡುಕಿ ಫೋನ್ ಮಾಡಿದರೆ, ನಿಮ್ಮ ಮನೆಗೆ ಕೊಡಲಾಗದು ಎಂದರು. ಇದೇಕೆ ಹೀಗೆ?

ಪಶ್ಚಿಮ_ಮೆಲ್ಬರ್ನ್

ನಿಮ್ಮದು ಎಂಬೆಡೆಡ್ ನೆಟ್‌ವರ್ಕ್ ಇರಬೇಕು. ಇಡೀ ಕಟ್ಟಡಕ್ಕೆ ಒಂದೇ ದೊಡ್ಡ ಮೀಟರ್. ಒಬ್ಬರು ಒಟ್ಟಿಗೆ ಕರೆಂಟ್ ಕೊಂಡು ಒಳಗಿನ ಮನೆಗಳಿಗೆ ಮಾರುತ್ತಾರೆ. ನಮ್ಮೂರಲ್ಲಿ ವಠಾರದ ಓನರ್ ಸಬ್ ಮೀಟರ್ ಹಾಕಿಸಿ ಬಾಡಿಗೆಯವರಿಂದ ದುಡ್ಡು ತಗೊಳ್ಳುತ್ತಿದ್ದರಲ್ಲ, ಅದೇ ರೀತಿ. ಕಾಗದದ ಮೇಲೆ ಬದಲಾಯಿಸುವ ಹಕ್ಕು ಇದ್ದರೂ ಮಾಡಿಸುವುದು ಕಷ್ಟ. ಸಮಾಧಾನ ಏನೆಂದರೆ, ವಿಕ್ಟೋರಿಯಾದಲ್ಲಿ ಇವರು ಡಿಫಾಲ್ಟ್ ಆಫರ್‌ಗಿಂತ ಜಾಸ್ತಿ ವಸೂಲು ಮಾಡುವಂತಿಲ್ಲ. ನಿಮ್ಮ ಬಿಲ್ಲನ್ನು ಆ ರೇಟಿನ ಜೊತೆ ಇಟ್ಟು ನೋಡಿ. ಜಾಸ್ತಿ ಇದ್ದರೆ ಧಾರವಾಡದವರು ಹೇಳಿದ ಕಚೇರಿಗೆ ನೀವೂ ಹೋಗಬಹುದು. ಅಪಾರ್ಟ್‌ಮೆಂಟ್ ಹುಡುಕುತ್ತಿರುವವರು ಸಹಿ ಹಾಕುವ ಮೊದಲೇ ಈ ಪ್ರಶ್ನೆ ಕೇಳಿ.

ಪರ್ತ್_ಶಿರಸಿ

ನಮ್ಮ ಪಶ್ಚಿಮ ಆಸ್ಟ್ರೇಲಿಯಾದ ಕಥೆಯೇ ಬೇರೆ. ಪರ್ತ್‌ನಲ್ಲಿ ಮನೆಗಳಿಗೆ ಕರೆಂಟ್ ಕೊಡುವುದು ಸಿನರ್ಜಿ ಒಂದೇ, ಸರ್ಕಾರದ್ದು. ರೇಟ್ ಕೂಡ ಸರ್ಕಾರವೇ ಹೇಳುತ್ತದೆ. ನಿಮ್ಮ ಚೆಸ್ಕಾಂ ಇದ್ದ ಹಾಗೆ. ಗ್ಯಾಸಿಗೆ ಮಾತ್ರ ಆಯ್ಕೆ ಇದೆ, ಅಲಿಂಟಾ, ಕ್ಲೀನ್‌ಹೀಟ್ ಹೀಗೆ. ಗ್ಯಾಸ್ ಬಿಲ್ಲಿನಲ್ಲೂ ಇಲ್ಲಿ ಯೂನಿಟ್ ಎಂದೇ ಇರುತ್ತದೆ, ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್. ಪೂರ್ವದ ಗೆಳೆಯರ ಬಿಲ್ ಜೊತೆ ಹೋಲಿಸುವಾಗ ಇದು ನೆನಪಿರಲಿ. ನಾನು ಮೊದಲ ಸಲ ಹೋಲಿಸಿದಾಗ ಲೆಕ್ಕ ಕೂಡಲೇ ಇಲ್ಲ.

ಪಾಯಿಂಟ್‌ಕುಕ್_ಸೋಲಾರ್

ಸ್ವಂತ ಮನೆಯವರಿಗೆ ಒಂದು ಮಾತು. ಸೋಲಾರ್ ಇದ್ದರೆ ಮಿಕ್ಕ ಕರೆಂಟಿಗೆ ವಾಪಸ್ ಎಷ್ಟು ಕೊಡುತ್ತಾರೆ ಎಂದು ನೋಡಿ ಕಂಪನಿ ಆರಿಸುವ ಕಾಲ ಹೋಯಿತು. ವಿಕ್ಟೋರಿಯಾದಲ್ಲಿ ಕಡ್ಡಾಯವಾಗಿ ಕೊಡಬೇಕಾದ ಕನಿಷ್ಠ ದರ 2024-25ರಲ್ಲಿ ಯೂನಿಟ್ಟಿಗೆ 3.3 ಸೆಂಟ್ಸ್ ಇತ್ತು. 2025ರ ಜುಲೈನಲ್ಲಿ ಅದು 0.04 ಸೆಂಟ್ಸ್‌ಗೆ ಇಳಿಯಿತು. ಓದಿದ್ದು ಸರಿ, ಒಂದು ಸೆಂಟ್ ಕೂಡ ಅಲ್ಲ. ಮಧ್ಯಾಹ್ನ ಎಲ್ಲರ ಚಾವಣಿಯಿಂದಲೂ ಕರೆಂಟ್ ಬರುತ್ತದೆ, ಕೊಳ್ಳುವವರಿಲ್ಲ. ಅದರ ಬದಲು ಮಧ್ಯಾಹ್ನವೇ ವಾಷಿಂಗ್ ಮೆಷಿನ್, ಡಿಶ್‌ವಾಷರ್ ಹಾಕಿ. ಸೋಲಾರ್ ಇಲ್ಲದವರಿಗೂ ಇದರಲ್ಲಿ ಲಾಭ ಇದೆ. ಕೆಲವು ಕಂಪನಿಗಳು ಹಗಲು 11ರಿಂದ 2ರವರೆಗೆ ಉಚಿತ ಕರೆಂಟ್ ಕೊಡುವ ಪ್ಲಾನ್ ಇಟ್ಟಿವೆ. ಹಗಲು ಮನೆಯಲ್ಲಿ ಜನ ಇರುವವರು ಅದನ್ನು ನೋಡಬಹುದು. ಆದರೆ ಅವುಗಳಲ್ಲಿ ಸಂಜೆಯ ರೇಟ್ ಜಾಸ್ತಿ. ಇಲ್ಲಿ ಹೊತ್ತಿನ ಪ್ರಕಾರ ರೇಟ್ ಇರುವ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 3ರಿಂದ ರಾತ್ರಿ 9 ಪೀಕ್. ನಮ್ಮ ಅಡುಗೆ, ಮಕ್ಕಳ ಸ್ನಾನ ಎಲ್ಲ ಅದೇ ಹೊತ್ತಿಗೆ. ಸ್ಮಾರ್ಟ್ ಮೀಟರಿನ ಲೆಕ್ಕವನ್ನು ತಂತಿ ಕಂಪನಿಯ ತಾಣದಿಂದ ಇಳಿಸಿಕೊಂಡು ಸರ್ಕಾರಿ ತಾಣಕ್ಕೆ ಹಾಕಿದರೆ ನಿಮ್ಮ ಮನೆಗೆ ಯಾವುದು ಹೊಂದುತ್ತದೆ ಎಂದು ಅದೇ ಹೇಳುತ್ತದೆ.

ಬ್ಯಾಲರಟ್_ತೀರ್ಥಹಳ್ಳಿ

ಮರೆತಿದ್ದೆ. ಮನೆಯಲ್ಲಿ ಆಕ್ಸಿಜನ್ ಯಂತ್ರದಂಥದ್ದು ಬಳಸುವ ರೋಗಿ ಇದ್ದರೆ ಕಂಪನಿಗೆ ಹೇಳಿ ಲೈಫ್ ಸಪೋರ್ಟ್ ಎಂದು ಬರೆಸಿ. ಆಮೇಲೆ ಬಿಲ್ ಬಾಕಿ ಎಂದು ಕರೆಂಟ್ ತೆಗೆಯುವಂತಿಲ್ಲ. ಕಂಪನಿ ಬದಲಾಯಿಸಿದಾಗ ಹೊಸಬರಿಗೆ ಮತ್ತೆ ಹೇಳಬೇಕು. ಹೆಲ್ತ್ ಕೇರ್ ಕಾರ್ಡ್ ಅಥವಾ ಪೆನ್ಷನ್ ಕಾರ್ಡ್ ಇರುವವರಿಗೆ ವಿಕ್ಟೋರಿಯಾದಲ್ಲಿ ಕರೆಂಟ್ ಬಿಲ್ಲಿನಲ್ಲಿ ಶೇ. 17.5 ರಿಯಾಯಿತಿ ಇದೆ, ಚಳಿಗಾಲದ ಗ್ಯಾಸಿಗೂ ಇದೆ. ಆ ಕಾರ್ಡನ್ನೂ ಹೊಸ ಕಂಪನಿಗೆ ಮತ್ತೆ ಕೊಡಬೇಕು. ನನ್ನ ಗೆಳತಿಯೊಬ್ಬಳಿಗೆ ಇದು ಗೊತ್ತಿಲ್ಲದೆ ಒಂದು ವರ್ಷದ ರಿಯಾಯಿತಿ ತಪ್ಪಿಹೋಗಿತ್ತು.

ಟಾರ್ನೀಟ್_ಹೊಸಮನೆ

ಎಲ್ಲರಿಗೂ ನಮಸ್ಕಾರ. ಮೂರು ವಾರದ ಮೇಲೆ ಬರೆಯುತ್ತಿದ್ದೇನೆ.

ಶನಿವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಯಜಮಾನರೂ ನಾನೂ ಊಟದ ಟೇಬಲ್ ಮೇಲೆ ಎರಡೂ ಬಿಲ್ ಹರಡಿಕೊಂಡು ಕೂತೆವು. ಸರ್ಕಾರಿ ತಾಣದಲ್ಲಿ ಕರೆಂಟ್ ಒಂದು ಕಂಪನಿಯದು ಅಗ್ಗ ಬಂತು, ಗ್ಯಾಸ್ ಇನ್ನೊಂದರದು. ಎರಡೂ ಒಬ್ಬರ ಹತ್ತಿರವೇ ಇರಬೇಕು ಎಂದೇನಿಲ್ಲ ಎಂದು ಅಲ್ಲಿಯೇ ಗೊತ್ತಾಯಿತು. ಕರೆಂಟ್ ಯೂನಿಟ್ಟಿಗೆ 27 ಸೆಂಟ್ಸಿನ ಹತ್ತಿರ ಸಿಕ್ಕಿತು. ಗ್ಯಾಸ್ 3.2 ಸೆಂಟ್ಸಿಗೆ. ಹಳೆಯ ಪ್ಲಾನಿನ ಷರತ್ತುಗಳಿರುವ ಫ್ಯಾಕ್ಟ್ ಶೀಟ್ ತೆಗೆದು ಬಿಟ್ಟು ಹೋಗಲು ಫೀಸ್ ಇಲ್ಲ ಎಂದು ಖಾತ್ರಿ ಮಾಡಿಕೊಂಡೆವು. ಆನ್‌ಲೈನ್‌ನಲ್ಲಿ ಎನ್‌ಎಂಐ, ಡ್ರೈವಿಂಗ್ ಲೈಸೆನ್ಸ್ ನಂಬರ್ ಕೊಟ್ಟೆವು. ಇಪ್ಪತ್ತು ನಿಮಿಷದ ಕೆಲಸ. ಹತ್ತು ಕೆಲಸದ ದಿನದೊಳಗೆ ಮನಸ್ಸು ಬದಲಾದರೆ ಬೇಡ ಅನ್ನಬಹುದು ಎಂದೂ ಬರೆದಿತ್ತು. ಹಳೆಯ ಕಂಪನಿಗೆ ನಾವು ಫೋನ್ ಕೂಡ ಮಾಡಲಿಲ್ಲ, ಎಲ್ಲ ಹೊಸಬರೇ ನೋಡಿಕೊಂಡರು. ಯಾವ ದಿನ ಬದಲಾಯಿತು ಎಂದು ಮೆಸೇಜ್ ಬಂದಾಗಲೇ ಗೊತ್ತಾದದ್ದು. ಫ್ರಿಜ್ ಮೇಲಿನ ಗಡಿಯಾರ ಕೂಡ ನಿಂತಿರಲಿಲ್ಲ.

ಏಜೆಂಟ್ ಗ್ಯಾಸ್ ಚೆಕ್ ರಿಪೋರ್ಟ್ ಕಳಿಸಿದರು ಅಕ್ಕ. ಕೊನೆಯದು ಎರಡು ವರ್ಷ ಮೀರಿತ್ತು. ಮುಂದಿನ ಗುರುವಾರ ಪ್ಲಂಬರ್ ಬರುತ್ತಾರೆ.

ಎಸಿಯ ರಿಮೋಟ್ ಡ್ರಾಯರ್‌ನಲ್ಲಿತ್ತು, ಬ್ಯಾಟರಿ ಹೋಗಿತ್ತು. ಹೊಸದು ಹಾಕಿ ಸೂರ್ಯನ ಗುರುತು ಬರುವ ತನಕ ಒತ್ತಿದೆ. ಮೊದಲು ಎರಡು ನಿಮಿಷ ಏನೂ ಬರಲಿಲ್ಲ. ಆಮೇಲೆ ಬೆಚ್ಚಗಿನ ಗಾಳಿ ಶುರುವಾಯಿತು. ಈಗ ರಾತ್ರಿ ಅತ್ತೆ, ಮಗು ಮಲಗುವುದು ದೊಡ್ಡ ರೂಮಿನಲ್ಲಿ, 20ಕ್ಕೆ ಇಡುತ್ತೇವೆ. ಡಕ್ಟೆಡ್ ಹೀಟರ್ ಬೆಳಿಗ್ಗೆ ಅರ್ಧ ಗಂಟೆ ಮಾತ್ರ, ಮಗಳು ಸ್ಕೂಲಿಗೆ ರೆಡಿ ಆಗುವ ಹೊತ್ತಿಗೆ. ಬಿಲ್ ಎಷ್ಟಾಗಿತ್ತು ಎಂದು ಅತ್ತೆಗೆ ಕೊನೆಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ಎದ್ದು ಹೋಗಿ ಕೊನೆಯ ರೂಮಿನ ಜಾಲರಿ ಮುಚ್ಚಿ ಬಂದರು.

ಒಂದು ಪ್ರಶ್ನೆ ಉಳಿದಿದೆ. ಹೊಸ ಪ್ಲಾನಿನ ರೇಟ್ ಒಂದು ವರ್ಷಕ್ಕೆ ಎಂದಿದೆ. ಆಮೇಲೆ ಅವರೇ ಏರಿಸಿಬಿಡುತ್ತಾರಾ?

ಪಶ್ಚಿಮ_ಮೆಲ್ಬರ್ನ್

ಏರಿಸುವ ಮೊದಲು ನಿಮಗೆ ತಿಳಿಸಬೇಕು. ಆದರೆ ಆ ಮೇಲ್ ನೂರು ಮೇಲ್‌ಗಳ ಮಧ್ಯೆ ಕಳೆದುಹೋಗುತ್ತದೆ. ಸರ್ಕಾರದ ಹೊಸ ಬೆಲೆ ಪ್ರತಿ ಜುಲೈ 1ಕ್ಕೆ ಬರುತ್ತದೆ. ಕಂಪನಿಗಳೂ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ರೇಟ್ ಬದಲಾಯಿಸುತ್ತವೆ. ನಾನು ಪ್ರತಿ ಆಗಸ್ಟ್ ಮೊದಲ ಭಾನುವಾರಕ್ಕೆ ಫೋನಿನಲ್ಲಿ ಅಲಾರಂ ಇಟ್ಟಿದ್ದೇನೆ. ನೀವೂ ಈಗಲೇ ಇಟ್ಟುಬಿಡಿ ಮೇಡಂ.

ಟಾರ್ನೀಟ್_ಹೊಸಮನೆ

ಇಟ್ಟೆ ಸರ್.